ಗಂಡು ಕೆಂಪು

ಹಬುವಿನ ಉಚ್ಚೆ ಕೆಂಪಾಯಿತೆಂದು ಆ ಮನೆಯಲ್ಲಿ ಕೋಳಿ ಕೊಯ್ದರು.

ಬೆಳಿಗ್ಗೆ ಗೋಡೆಯ ಹಿಂದಿನಿಂದ ಹುಡುಗ ಚಡ್ಡಿ ಏರಿಸಿಕೊಳ್ಳುತ್ತ ಓಡಿ ಬಂದವನೇ, "ಅಜ್ಜೀ, ಬಂತು! ಕೊನೇ ಹನಿ ಕೆಂಪು ಬಂತು!" ಎಂದು ಅಂಗಳದ ತುಂಬ ಕುಣಿದಾಡಿದ. ದೆಲು ಅಜ್ಜಿ ಒಣಗಿದ ಕುಕಾ ಸೊಪ್ಪು ಕುಟ್ಟುತ್ತಿದ್ದವಳು ಒನಕೆ ನಿಲ್ಲಿಸಿ ಬೊಚ್ಚುಬಾಯಿ ಅಗಲಿಸಿ ನಕ್ಕಳು. ಮೊಮ್ಮಗನನ್ನು ಗಂಡ ಎಂದೇ ಕರೆದು ಛೇಡಿಸುವುದು ಅಲ್ಲಿಯ ಅಜ್ಜಿಯರ ಪದ್ಧತಿ.

"ಅಯ್ಯೋ, ನನ್ನ ಗಂಡ ಗಂಡಸಾದನಲ್ಲಪ್ಪಾ! ಇನ್ನು ಬೇರೆ ಯಾವಳ್ನಾದ್ರೂ ಕಣ್ಣೆತ್ತಿ ನೋಡಿದ್ಯೋ, ಈ ಒನಕೆ ನಿನ್ನ ಬೆನ್ನಿಗೆ."

"ನಿಂಗೆ ಒಂದ್ ಹಲ್ಲೂ ಇಲ್ಲ. ನಂಗೆ ಬೇಡಪ್ಪ ಈ ಹೆಂಡ್ತಿ."

"ಹಲ್ಲಿಲ್ಲ ಅಂದ್ರೆ ಕಚ್ಚಲ್ಲ ಕಣೋ, ಅದು ನಿನ್ ಪುಣ್ಯ!"

ಬಾಬಾ ಹೊರ ಪಡಸಾಲೆಯಿಂದಲೇ ಕೇಳಿಸಿಕೊಂಡು, ಮೀಸೆಯಲ್ಲೇ ನಕ್ಕು, ಕೆಂಪು ಹುಂಜ ಹಿಡಿಯುವಂತೆ ಹೇಳಿದ. ಬಾಬಾ ಅಂದರೆ ಹಬುವಿನ ಅಪ್ಪ ಸಾಬೊ. ಕಾಲುವೆಯ ಬಲದಂಡೆಯಲ್ಲಿ ಟೊಮೆಟೊ ಬೆಳೆಯುವವನು. ಹಿಂದಿನಿಂದಲೂ ರಿಮಿ ಎಂಬ ಆ ಹಳ್ಳಿಯ ಗಂಡುಮಕ್ಕಳಿಗೆ ಹತ್ತು ಹನ್ನೆರಡಕ್ಕೆಲ್ಲ ಈ ಕೆಂಪು ಬರುತ್ತಿತ್ತು. 'ಗಂಡು ಕೆಂಪು' ಎಂದು ಅದಕ್ಕೊಂದು ಹೆಸರೂ ಇತ್ತು. ಬಾರದ ಹುಡುಗನನ್ನು ಜೊತೆಯವರು ಹುಡುಗಿ ಎಂದು ಹಂಗಿಸುತ್ತಿದ್ದರು. ಹಿರಿಯ ಮಗ ಬರಾವುಗೆ ಅದು ಬಂದಾಗ ಬಾಬಾ ಕಾನೊ ಪೇಟೆಯಿಂದ ಕಸೂತಿಯ ಟೋಪಿ ತಂದುಕೊಟ್ಟಿದ್ದ.

ರಾತ್ರಿಯೂಟಕ್ಕೆ ಜೋಳದ ಮುದ್ದೆ, ಕುಕಾ ಸೊಪ್ಪಿನ ಲೋಳೆ ಸಾರು, ಅದರ ಮೇಲೆ ಹುಂಜದ ತುಂಡು. ಮುದ್ದೆ ಕಟ್ಟಿದವಳು ಕಾಂದೆ, ಬರಾವುವಿನ ತಂಗಿ. ಟೊಮೆಟೊ ಕೊಯ್ಲು ಮುಗಿದ ಮೇಲೆ ಅವಳ ಮದುವೆ. ಮನೆಯಲ್ಲಿ ಎಲ್ಲರೂ ನಗುತ್ತಿದ್ದರೆ ಅವಳು ಮಾತ್ರ ಒಲೆಯ ಮುಂದೆ ಕೂತು ಕೊಳ್ಳಿಯನ್ನು ಒಳಗೆ ನೂಕುತ್ತ, ಹೊರಗೆ ಎಳೆಯುತ್ತ ಇದ್ದಳು.

"ಅಜ್ಜೀ, ಇದು ಹೆಣ್ಮಕ್ಕಳಿಗೆ ಬಂದ್ರೆ?"

"ಹೆಣ್ಮಕ್ಕಳಿಗೆ ಗಡ್ಡ ಬರುತ್ತಾ? ಇದೂ ಹಂಗೇ. ಸಾರು ನೋಡು, ಉಕ್ತಾ ಇದೆ."

ಬರಾವು ಬಾಗಿಲಲ್ಲೇ ಇದ್ದ. ಕೇಳಿಸಿತು, ಆದರೆ ತಲೆಗೆ ಹೋಗಲಿಲ್ಲ. ಕೋಳಿಯ ಕಾಲಿಗೆ ಹಬುವಿನ ಜೊತೆ ಕಿತ್ತಾಡುವುದರಲ್ಲಿ ಅವನಿದ್ದ.

ಮುಂದಿನ ವಾರ ಮದುವೆಯ ಕೊನೆಯ ಪೆಟ್ಟಿಗೆ ಬಂತು. ಹುಡುಗನ ಕಡೆಯವರು ಬಟ್ಟೆಬರೆ, ಚಪ್ಪಲಿ, ಅತ್ತರು ತುಂಬಿ ಕಳಿಸುವ ಪೆಟ್ಟಿಗೆಗಳವು. ಒಂದೊಂದಾಗಿ ಬಂದು ತಾಯಿ ಉಮ್ಮಾಳ ಕೋಣೆಯಲ್ಲಿ ಗೋಡೆಯುದ್ದಕ್ಕೂ ಪೇರಿಸಿದ್ದವು. ತಂದವಳು ಲಾದಿದಿ ಗೊಗ್ಗೊ, ಹುಡುಗ ಲವಾನನ ಸೋದರತ್ತೆ, ಗೊಗ್ಗೊ ಎಂದರೆ ಅತ್ತೆ. ಎರಡು ಸಲ ಮದುವೆಯಾಗಿ, ಮಕ್ಕಳಾಗದೆ, ಎರಡು ಮನೆಯಿಂದಲೂ ಬಿಡಿಸಿಕೊಂಡು ಬಂದು ತಮ್ಮನ ಮನೆಯಲ್ಲಿದ್ದವಳು. ಕಾಲುವೆ ದಂಡೆಯಲ್ಲಿ ಅಲಸಂದೆ ವಡೆ ಕರಿದು ಮಾರುತ್ತಿದ್ದಳು. ಅವಳ ಬಾಯಿಗೆ ಹೆದರದ ಗಂಡಸು ಆ ಸುತ್ತಿನಲ್ಲಿರಲಿಲ್ಲ.

ಲವಾನನವರು ಕನೂರಿ ಮೂಲದವರು, ಬರಾವುವಿನವರು ದನಗಾಹಿ ಫುಲಾನಿಗಳು. ಈ ಎರಡು ಪಂಗಡಗಳಿಗೂ ಅಜ್ಜಂದಿರ ಕಾಲದಿಂದ ಬಂದ ಗೇಲಿಯ ಸಂಬಂಧ. ಒಬ್ಬರನ್ನೊಬ್ಬರು ಗುಲಾಮ, ತೊತ್ತು ಎನ್ನಬಹುದು, ಹೆಣದ ಮುಂದೆ ನಿಂತೂ ಛೇಡಿಸಬಹುದು. ಕೋಪ ಮಾಡಿಕೊಳ್ಳುವಂತಿಲ್ಲ. ಕೋಪಗೊಂಡವನು ಸೋತ ಹಾಗೆ, ಊರೆಲ್ಲ ನಗುತ್ತದೆ.

"ಎಲ್ಲಿ ನನ್ನ ಗುಲಾಮ? ದನ ಬಿಟ್ಟು ಮನುಷ್ಯರ ಜೊತೆ ಯಾಕೆ ಕೂತಿದ್ದಾನೆ?" ಎಂದಳು ಒಳಗೆ ಕಾಲಿಡುತ್ತಲೇ.

"ಬಂದಳಪ್ಪ ನನ್ನ ತೊತ್ತು," ಎಂದ ಬರಾವು. "ಕನೂರಿಯವರು ಪೆಟ್ಟಿಗೆ ಕೊಟ್ಟರೆ ಒಳಗೆ ಕಲ್ಲು ಇರುತ್ತಂತೆ. ಉಮ್ಮಾ, ಬಿಚ್ಚಿ ನೋಡಿ ತಗೋ."

"ಕಲ್ಲೇ ಕಣೋ. ನಿನ್ನ ತಲೆ ಒಡೆಯೋಕೆ ಅಂತ ತಂದೆ."

ನಗುವಿನಲ್ಲಿ ಶುರುವಾದದ್ದು ಹೇಗೆ ಮುಗಿಯಿತೆಂದು ಆಮೇಲೆ ಉಮ್ಮಾ ಹೇಳಿದಳು. ಲಾದಿದಿ ಹಿತ್ತಲ ಮರೆಗೆ ಹೋದಾಗ ಒಳಗೆ ಕಾಂದೆ ಇದ್ದಳಂತೆ. ಎಷ್ಟು ಹೊತ್ತಾದರೂ ಹೊರಗೆ ಬರಲಿಲ್ಲ, ನರಳುವ ಸದ್ದು ಮಾತ್ರ. ಬಂದ ಮೇಲೆ ನೋಡಿದರೆ ಕಲ್ಲಿನ ಮೇಲೆ ರಕ್ತ.

"ನಿನ್ನ ತಿಂಗಳ ಹೊತ್ತಾ?" ಎಂದು ಲಾದಿದಿ ಕೇಳಿದ್ದಳು.

ಸುಳ್ಳು ಹೇಳಲು ಬಾರದ ಹುಡುಗಿ. "ಅಲ್ಲ ಗೊಗ್ಗೊ. ದಿನಾ ಬರುತ್ತೆ. ಹೋದ ಮಳೆಗಾಲದಿಂದ," ಎಂದಳು.

ಉಮ್ಮಾ ಸಜ್ಜೆಯುಂಡೆ ಮಜ್ಜಿಗೆಯಲ್ಲಿ ಕಿವುಚಿ ಕೊಟ್ಟ ಫುರಾವನ್ನು ಮುಟ್ಟದೆ ಲಾದಿದಿ ಎದ್ದು ಹೋದಳು. ಫುರಾ ಕುಡಿಯದೆ ಹೋದ ಬೀಗರು ಸುದ್ದಿ ಹೊತ್ತು ಹೋದರೆಂದೇ ಅರ್ಥ. ವಾರ ಕಳೆಯುವುದರೊಳಗೆ ಮಧ್ಯಸ್ಥನೊಬ್ಬ ಬಂದು ಪಡಸಾಲೆಯಲ್ಲಿ ಕೂತು, ನೆಲ ನೋಡುತ್ತ ಹೇಳಿದ: "ಹುಡುಗಿಗೆ ಏನೋ ಆಗಿಹೋಗಿದೆ ಅಂತಾರೆ. ಏನು, ಯಾರಿಂದ ಅಂತ ನೀವೇ ಕೇಳಿಕೊಳ್ಳಿ. ಕೊಯ್ಲಾದ ಶುಕ್ರವಾರ ಬಂದು ಪೆಟ್ಟಿಗೆ ಒಯ್ತಾರಂತೆ."

ಪೆಟ್ಟಿಗೆ ವಾಪಸು ಹೋದ ಹುಡುಗಿಯನ್ನು ಆಮೇಲೆ ಯಾರು ಕೇಳುತ್ತಾರೆ? ಮೂವರು ಹೆಂಡಿರಿರುವ ಮುದುಕ ಕೇಳುತ್ತಾನೆ, ಅಷ್ಟೇ.

"ಯಾರು ಅವನು?" ಎಂದ ಬಾಬಾ ಮಗಳನ್ನು ಎದುರಿಗೆ ನಿಲ್ಲಿಸಿಕೊಂಡು.

"ಯಾರೂ ಇಲ್ಲ ಬಾಬಾ."

"ಗಾಳಿಯಿಂದ ರಕ್ತ ಬರುತ್ತಾ?"

"ಗೊತ್ತಿಲ್ಲ ಬಾಬಾ. ಉರಿಯುತ್ತೆ. ಯಾರೂ ಇಲ್ಲ."

ಉಮ್ಮಾ ಕೆನ್ನೆಗೆ ಬಾರಿಸಿ, ಆಮೇಲೆ ಅದೇ ಕೈಯಿಂದ ತನ್ನ ಬಾಯಿ ಮುಚ್ಚಿಕೊಂಡು ಅತ್ತಳು. ಬಾಬಾ ಕಾಂದೆಯನ್ನು ಒಳಕೋಣೆಗೆ ಹಾಕಿ ಹೊರಗಿನಿಂದ ಅಗಳಿ ಹಾಕಿದ. ಇನ್ನು ಹೊಸ್ತಿಲು ದಾಟುವಂತಿಲ್ಲ. ಅವಳಿಗೆ ಬೇರೆ ಬೋಗುಣಿ, ಬೇರೆ ಲೋಟ.

ಮಾರನೆಯ ಬೆಳಿಗ್ಗೆ ಬಾಬಾ ನಮಾಜಿಗೆ ಕೈಕಾಲು ತೊಳೆಯಲು ಹೂಜಿ ಎತ್ತಿದರೆ ಹೂಜಿ ಹಗುರ. ಹಂಡೆಗೆ ಕೈ ಹಾಕಿದರೆ ತಳ. ಉಮ್ಮಾ ಮದುವೆಯಾಗಿ ಬಂದಾಗಿನಿಂದ ಅಂಗಳ ದಾಟಿದವಳಲ್ಲ. ಕಾಲುವೆ ಯಾವ ಬಣ್ಣದ್ದೆಂದೂ ಅವಳಿಗೆ ಗೊತ್ತಿರಲಿಲ್ಲ. ಅಜ್ಜಿಗೆ ಸೊಂಟ ಹೋಗಿತ್ತು. ಹಬು ಅರ್ಧ ಬಕೆಟ್ ತರುವಷ್ಟರಲ್ಲಿ ಕಾಲು ಬಕೆಟ್ ದಾರಿಗೆ ಕುಡಿಸುತ್ತಿದ್ದ. ಅಂಬಲಿ ಇಲ್ಲ, ಪಾತ್ರೆ ತೊಳೆದಿಲ್ಲ, ಕುರಿಗಳು ಒಂದೇ ಸಮನೆ ಅರಚುತ್ತಿವೆ.

"ನೀರೆಲ್ಲಿ?" ಎಂದು ಬಾಬಾ ಗುಡುಗಿದ.

"ನೀರಿಗೆ ನೀವೇ ಅಗಳಿ ಹಾಕಿದ್ದೀರಲ್ಲ ಬಾಬಾ," ಎಂದ ಬರಾವು.

ಕೋಪ ಅವನ ಮೂಗಿನ ತುದಿಯಲ್ಲೇ ಇರುತ್ತಿತ್ತು. ಐದನೇ ಕ್ಲಾಸಿನಲ್ಲಿ ಶಾಲೆ ಬಿಡಿಸಿ ಹೊಲಕ್ಕೆ ನೀರು ಹಾಯಿಸಲು ನಿಲ್ಲಿಸಿದಾಗ ಮೂಗಿಗೇರಿದ್ದು ಇಳಿದೇ ಇರಲಿಲ್ಲ. ಈಗ ತಂಗಿಯ ಬಾಗಿಲಿನ ಅಗಳಿ ನೋಡಿದಾಗಲೆಲ್ಲ ಹಲ್ಲು ಕಟಕಟ ಎನ್ನುತ್ತಿತ್ತು. ಆದರೂ ಮನೆಗೆ ನೀರು ಬೇಕು. ಪಕ್ಕದ ಮನೆಯವರ ಕೈಗಾಡಿ ತಂದು, ಪ್ಲಾಸ್ಟಿಕ್ ಡಬ್ಬಗಳನ್ನು ಅದರಲ್ಲಿ ನಿಲ್ಲಿಸಿಕೊಂಡು ಹೆಣ್ಣುಮಕ್ಕಳ ಕಾಲುವೆ ಮೆಟ್ಟಿಲಿಗೆ ಇಳಿದ.

ದಂಡೆಯಲ್ಲಿದ್ದ ಹುಡುಗರಿಗೆ ನಗೆಯೋ ನಗೆ.

"ಏನೋ ಬರಾವು, ಯಾವ ಮನೆಗೆ ಸೊಸೆಯಾಗಿ ಹೋದೆ?"

"ಡಬ್ಬ ತಲೆ ಮೇಲಿಟ್ಕೊಳ್ಳೋ, ನಡಿಗೆ ಚೆಂದ ಬರುತ್ತೆ!"

"ನಿಮ್ಮಮ್ಮಂದಿರಿಗೆ ಹೇಳ್ರೋ ಆ ಮಾತು, ಬೆನ್ನು ಬಗ್ಗಿರೋದು ಅವರದ್ದು," ಎಂದು ಬೈದು ನೀರಿಗಿಳಿದ.

ಹುಟ್ಟಿದಾಗಿನಿಂದ ನೋಡಿದ ಕಾಲುವೆ. ಆದರೆ ಹೆಣ್ಣುಮಕ್ಕಳು ನಿಲ್ಲುವ ಜಾಗದಿಂದ ಅದನ್ನು ಅವನು ನೋಡಿದ್ದು ಅಂದೇ ಮೊದಲು. ಇಲ್ಲಿ ನೀರು ಹರಿಯುವುದೇ ಇಲ್ಲ, ನಿಂತಿರುತ್ತದೆ. ಜೊಂಡು ಮೊಣಕಾಲಿಗೆ ಸುತ್ತಿಕೊಳ್ಳುತ್ತದೆ. ಜೊಂಡಿನ ಎಲೆಯಡಿ, ಸಿಮೆಂಟಿನ ಅಂಚಿನಲ್ಲಿ, ಉಗುರಿನಷ್ಟು ದೊಡ್ಡ ಬಸವನಹುಳುಗಳು ಹೆಸರುಕಾಳು ಮೆತ್ತಿದ ಹಾಗೆ ಮೆತ್ತಿಕೊಂಡಿದ್ದವು. ಮೇಲೆ ಸೇತುವೆಯ ಕಟ್ಟೆಯ ಮೇಲೆ ಹುಡುಗರು ಸಾಲಾಗಿ ನಿಂತು ಕಾಲುವೆಗೆ ಉಚ್ಚೆ ಹುಯ್ಯುತ್ತ, ಯಾರದ್ದು ಹೆಚ್ಚು ಕೆಂಪೆಂದು ಪಂದ್ಯ ಕಟ್ಟಿದ್ದರು. ಕೆಳಗೆ ಹುಡುಗಿಯರು ಅದೇ ನೀರನ್ನು ಸೋರೆಬುರುಡೆಯಿಂದ ಮೊಗೆದು ಕೊಡಕ್ಕೆ ತುಂಬುತ್ತಿದ್ದರು. ಯಾರಿಗೂ ಅದು ವಿಚಿತ್ರವಾಗಿ ಕಾಣಲಿಲ್ಲ. ಬರಾವುಗೂ ಅಂದು ಕಾಣಲಿಲ್ಲ, ಏನೋ ಕಿರಿಕಿರಿಯಾಯಿತು ಅಷ್ಟೇ.

ಅದು ಯಾಕೆಂದು ತಿಳಿದದ್ದು ನರ್ಸ್ ಬಂದಾಗ. ಶಾಲೆಯಲ್ಲಿ ಮಾತ್ರೆ ಕೊಡುತ್ತಾರೆಂದು ಊರಲ್ಲಿ ಗುಲ್ಲು. ಅದು ವಂಶ ನಿಲ್ಲಿಸುವ ಮಾತ್ರೆ ಎಂದು ಬಾಬಾ ಹಬುವನ್ನು ಕಳಿಸಿರಲಿಲ್ಲ. ಹಬು ಕಿಟಕಿ ಹಾರಿ ಹೋಗಿದ್ದ, ಮಾತ್ರೆಯ ಜೊತೆ ಬಿಸ್ಕತ್ತು ಕೊಡುತ್ತಾರೆಂದು. ಅವನನ್ನು ಎಳೆದು ತರಲು ಹೋದ ಬರಾವು ಬೇವಿನ ಮರದಡಿ ನಿಂತುಬಿಟ್ಟ. ನರ್ಸಮ್ಮ ಬಣ್ಣ ಬಳಿದ ಕೋಲಿಗೆ ಮಕ್ಕಳನ್ನು ಒಬ್ಬೊಬ್ಬರಾಗಿ ಒರಗಿಸಿ, ಎತ್ತರ ನೋಡಿ ಮಾತ್ರೆ ಎಣಿಸುತ್ತ, ಬಾಯಿಯಿಂದ ಪಾಠ ಹೇಳುತ್ತಿದ್ದಳು. ಉಚ್ಚೆಯಲ್ಲಿ ಹುಳದ ಮೊಟ್ಟೆ ಇರುತ್ತದೆ, ಅದು ಕಾಲುವೆಗೆ ಬೀಳುತ್ತದೆ, ಮರಿ ಹೊರಬಂದು ಬಸವನಹುಳುವಿನ ಹೊಟ್ಟೆ ಸೇರಿ ಬೆಳೆಯುತ್ತದೆ, ಹೊರಗೆ ಬಂದು ನೀರಿನಲ್ಲಿ ನಿಂತವರ ಚರ್ಮ ಕೊರೆದು ಒಳಗಿಳಿಯುತ್ತದೆ. ರಕ್ತ ಬರುವುದು ಅದರಿಂದ.

"ಗಂಡಸಾಗೋದ್ರಿಂದ ಅಲ್ವಾ?" ಎಂದ ಬರಾವು ದೊಡ್ಡ ದನಿಯಲ್ಲಿ. ಮಕ್ಕಳು ನಕ್ಕರು.

"ಗಂಡಸಾಗೋದು ಅಷ್ಟು ಸುಲಭ ಅಂದ್ಕೊಂಡ್ಯಾ?"

"ಹೆಣ್ಮಕ್ಕಳಿಗೂ ಬರುತ್ತಾ?"

"ಹುಳಕ್ಕೆ ಒದ್ದೆ ಕಾಲು ಸಿಕ್ಕಿದ್ರೆ ಸಾಕು. ಯಾರ ಕಾಲು ಅಂತ ವಿಚಾರಿಸೋಕೆ ಅದೇನು ಮದುವೆ ಮಾಡ್ಕೊಳ್ಳೋಕೆ ಬರುತ್ತಾ?"

ಬರಾವು ಮುಂದೆ ಬಂದ. "ನನ್ನ ತಂಗಿಗೂ ಕೊಡಿ."

"ಶಾಲೇಲಿದಾಳಾ?"

"ಇಲ್ಲ."

"ನಾನು ತಂದಿರೋದು ಶಾಲೆ ಮಕ್ಕಳಿಗೆ ಮಾತ್ರ, ತಮ್ಮಾ."

"ನೀರು ಹೊರೋಕೆ ಅಂತ ಅವಳನ್ನ ಶಾಲೆ ಬಿಡಿಸಿದ್ದು! ನೀರಿಂದ ಬಂದ ರೋಗಕ್ಕೆ ಶಾಲೇಲಿದ್ದೋರಿಗೆ ಮಾತ್ರ ಮಾತ್ರೆ! ಯಾವ ಶೂರ ಕಟ್ಟಿದ ಲೆಕ್ಕ ಇದು?"

"ನನ್ನ ಮೇಲೆ ಕೂಗಬೇಡ, ಲೆಕ್ಕ ನಾನು ಕಟ್ಟಿದ್ದಲ್ಲ. ಹಾಗೇ ಬಿಟ್ರೆ ಹೆಣ್ಮಕ್ಕಳಿಗೆ ಮಕ್ಕಳಾಗೋದೂ ಕಷ್ಟ, ಪಟ್ಟಣದ ಆಸ್ಪತ್ರೆಗೆ ಕರ್ಕೊಂಡು ಹೋಗು, ಶೀಶೇಲಿ ಉಚ್ಚೆ ಹಿಡಿಸಿ ನೋಡ್ತಾರೆ. ಬೆಳಿಗ್ಗೆ ಹೋಗಬೇಡ, ಶೀಶೇಲಿ ಏನೂ ಸಿಗಲ್ಲ. ಮೊಟ್ಟೆ ಹೆಚ್ಚು ಇಳಿಯೋದು ಮಧ್ಯಾಹ್ನ. ಆ ಹೊತ್ತಿಗೆ ಶೀಶೆ ಹಿಡಿಯೋ ಹಾಗೆ ಹೋಗು."

ಆ ರಾತ್ರಿ ಊಟದಲ್ಲಿ ಬರಾವು ಬಾಯಿಬಿಟ್ಟ. ಗಂಡಸರೆಲ್ಲ ಒಂದೇ ಬೋಗುಣಿಯ ಸುತ್ತ ಕೂತಿದ್ದರು.

"ಕಾಂದೆಗೆ ಬಂದಿರೋದು ಹಬುಗೆ ಬಂದಿರೋದೇ. ಆಸ್ಪತ್ರೆಗೆ ಕರ್ಕೊಂಡು ಹೋಗಿ ಉಚ್ಚೆ ಪರೀಕ್ಷೆ ಮಾಡಿಸ್ತೀನಿ."

ಬಾಬಾನ ಕೈ ಮುದ್ದೆಯಲ್ಲೇ ನಿಂತಿತು. "ಅದು ಗಂಡಸರದ್ದು."

"ನಿಮಗೆ ಹೇಳಿದ್ದು ಯಾರು?"

"ನಮ್ಮಪ್ಪ. ನಿನ್ನ ನರ್ಸಿಗಿಂತ ಮುಂಚೆ ಹುಟ್ಟಿದೋನು. ಹೆಣ್ಣಿನ ಉಚ್ಚೇನ ಶೀಶೇಲಿ ಹಿಡ್ಕೊಂಡು ಪಟ್ಟಣದ ತುಂಬ ಮೆರವಣಿಗೆ ಮಾಡ್ತೀಯಾ? ಉಳಿದ ಮಾನಾನೂ ತೊಳೀಬೇಕಾ?"

"ನನಗೆ ಕೆಂಪು ಬಂದಾಗ ಟೋಪಿ ಕೊಡಿಸಿದ್ರಿ. ಹಬುಗೆ ಬಂದಾಗ ಕೋಳಿ ಕೊಯ್ದ್ರಿ. ಅವಳಿಗೆ ಬಂದಾಗ ಅಗಳಿ! ಒಂದೇ ಕಾಲುವೆ, ಒಂದೇ ನೀರು, ಒಂದೇ ಹೊಟ್ಟೇಲಿ ಹುಟ್ಟಿದ್ದೀವಿ. ಮಾನ ಯಾವಾಗ ಎರಡಾಯ್ತು ಬಾಬಾ?"

"ಬಾಯಿ ಮುಚ್ಚು!"

"ಶುಕ್ರವಾರದವರೆಗೆ ಮುಚ್ಕೊಂಡಿದ್ರೆ ಆಮೇಲೆ ತೆಗೆದು ಏನು ಪ್ರಯೋಜನ?"

ಬಾಬಾ ಬೋಗುಣಿ ತಳ್ಳಿ ಎದ್ದ. ಕೈ ತೊಳೆಯಲು ಹೂಜಿ ಬಗ್ಗಿಸಿದರೆ ಒಂದೇ ಒಂದು ಹನಿ. ಅವನು ಮಗನ ಕಡೆ ನೋಡಿದ, ಮಗ ಅಗಳಿಯ ಕಡೆ ನೋಡಿದ. ಬಾಬಾ ಕೈಯನ್ನು ಮಣ್ಣಿನ ಗೋಡೆಗೆ ಒರೆಸಿಕೊಂಡು ಹೊರಗೆ ನಡೆದ.

ಅಜ್ಜಿ ಮಾತ್ರ ಎರಡು ದಿನ ಯಾರ ಜೊತೆಗೂ ಸೇರದೆ ಒನಕೆಗೆ ಒರಗಿ ಕೂತಿದ್ದಳು. ಮೂರನೆಯ ಬೆಳಿಗ್ಗೆ ಬರಾವು ಕೈಗಾಡಿ ಹೊರಡಿಸುವಾಗ ಕರೆದಳು.

"ಗಂಡಾ, ಇಲ್ಲಿ ಬಾ. ಒಂದು ಮಾತು ಹೇಳು. ನನ್ನ ಕಾಲದಲ್ಲಿ ಕಾಲುವೆ ಇರಲಿಲ್ಲ. ಹೊಳೇಲಿ ಈಜಾಡ್ತಿದ್ದೋರು ಹುಡುಗರು. ನಾವು ಹುಡುಗೀರು ಬಾವೀಲಿ ನೀರು ಸೇದ್ತಿದ್ವಿ, ಹೊಳೆಗೆ ಇಳಿದ್ರೆ ಕಾಲು ಮುರೀತಿದ್ರು. ಹೌದಾ?"

"ನಂಗೇನು ಗೊತ್ತು? ನಾನು ಹುಟ್ಟಿದ್ನಾ?"

"ನನ್ನ ಗಂಡ ಆಗಿ ಇಷ್ಟೂ ಗೊತ್ತಿಲ್ವಾ ನಿಂಗೆ? ಕೇಳು. ಹುಡುಗರಿಗೆ ಕೆಂಪು ಬರ್ತಿತ್ತು, ನಮಗೆ ಬರ್ತಿರಲಿಲ್ಲ. ಆಮೇಲೆ ಕಾಲುವೆ ಬಂತು. ಬಾವಿಗೆ ಮುಳ್ಳು ತುಂಬಿದ್ರು. ಹುಡುಗೀರನ್ನ ನೀರಿಗಿಳಿಸಿದ್ರು." ಅವಳು ಒನಕೆಯ ತುದಿಯನ್ನು ನೆಲಕ್ಕೆ ಕುಟ್ಟಿದಳು. "ಅದು ಗಂಡಸರದ್ದಲ್ಲ ಕಣೋ. ನೀರಿಂದು. ನಾವು ನೀರನ್ನ ನೋಡಲಿಲ್ಲ, ಗಂಡಸನ್ನ ನೋಡಿದ್ವಿ."

"ಹಂಗಾದ್ರೆ?"

"ಹಂಗಾದ್ರೆ ಏನು? ಬೈಕು ತೆಗಿ. ಹೆಣ್ಣುಮಗು ಒಂಟಿಯಾಗಿ ಹೋದ್ಲು ಅನ್ನಿಸ್ಕೋಬಾರದು, ನಾನೂ ಬರ್ತೀನಿ. ನಿಮ್ಮಪ್ಪ ಹೊಲದಿಂದ ಬರೋದು ಸಂಜೆಗೆ."

ಅಗಳಿಯನ್ನು ಅಜ್ಜಿಯೇ ತೆಗೆದಳು. ಗೆಳೆಯನ ಬೈಕಿನಲ್ಲಿ ಮುಂದೆ ಬರಾವು, ಹಿಂದೆ ಕಾಂದೆ, ನಡುವೆ ಅಜ್ಜಿ. ಹುಟ್ಟಿದಾಗಿನಿಂದ ಬೈಕ್ ಹತ್ತದ ಮುದುಕಿ ಮೊಮ್ಮಗನ ಹೊಟ್ಟೆಯನ್ನು ಹಿಟ್ಟು ನಾದಿದ ಹಾಗೆ ಹಿಡಿದುಕೊಂಡು, ಗುಂಡಿ ಬಂದಾಗಲೆಲ್ಲ ದೇವರನ್ನೂ ಅವನನ್ನೂ ಸರದಿಯ ಮೇಲೆ ಬೈದಳು. ಎಷ್ಟೋ ದಿನದ ಮೇಲೆ ಬೆನ್ನ ಹಿಂದೆ ಕಾಂದೆ ನಕ್ಕದ್ದು ಅವನಿಗೆ ಕೇಳಿಸಿತು.

ಆಸ್ಪತ್ರೆಯ ಕಿಟಕಿಯಲ್ಲಿದ್ದವನು ಕಾಂದೆಯನ್ನು ಮೇಲಿಂದ ಕೆಳಗೆ ನೋಡಿ, "ಮದುವೆ ಆಗಿದೆಯಾ? ಇಲ್ವಾ? ಮತ್ತೆ ಈ ಪರೀಕ್ಷೆ ಯಾಕೆ?" ಎಂದ.

ಬರಾವು ಕಿಟಕಿಗೆ ಕೈ ಹಾಕುವುದರೊಳಗೆ ಅಜ್ಜಿ ಮುಂದೆ ನುಗ್ಗಿದಳು. "ಮದುವೆ ಆಗಿರೋಳು ನಾನು, ಮಗಾ. ನಾಲ್ಕು ಹೆತ್ತಿದ್ದೀನಿ. ನನ್ನದೂ ಒಂದು ಶೀಶೆ ಬೇಕಾ? ಬಾ, ಕಿಟಕಿ ದಾಟಿ ಬಂದು ಹಿಡ್ಕೋ." ಸಾಲಿನಲ್ಲಿದ್ದವರೆಲ್ಲ ಗೊಳ್ಳೆಂದರು. ಚೀಟಿ ತಟ್ಟನೆ ಹೊರಗೆ ಬಂತು.

ಪರೀಕ್ಷೆಯ ಕೋಣೆಯವನು ಒಳ್ಳೆಯವನು. ಮೊಟ್ಟೆ ಇಳಿಯಲೆಂದು ಕಾಂದೆಯನ್ನು ಬಿಸಿಲಲ್ಲಿ ಮೆಟ್ಟಿಲು ಹತ್ತಿಸಿ ಇಳಿಸಿದ, ಆಮೇಲೆ ಶೀಶೆ ಕೊಟ್ಟ. ಯಾಕೋ ಬರಾವು ತಾನೂ ಒಂದು ಶೀಶೆ ಇಸಿದುಕೊಂಡ. ಸ್ವಲ್ಪ ಹೊತ್ತಾದ ಮೇಲೆ ಅವನನ್ನು ಕರೆದು ಸೂಕ್ಷ್ಮದರ್ಶಕದ ಕೊಳವೆಗೆ ಕಣ್ಣಿಡಿಸಿದರು. ಬೆಳ್ಳನೆಯ ಬಯಲಿನಲ್ಲಿ ಬಾರ್ಲಿ ಕಾಳಿನಂಥದ್ದೊಂದು, ಹಿಂತುದಿಯಲ್ಲಿ ಒಂದು ಮುಳ್ಳು.

"ಇದು ತಂಗೀದು," ಎಂದು ಗಾಜು ಬದಲಿಸಿದ. "ಇದು ನಿಂದು."

ಅದೇ ಕಾಳು, ಅದೇ ಮುಳ್ಳು. ಟೋಪಿ ಹಾಕಿಸಿಕೊಂಡು ಮೆರೆದಾಗಿನಿಂದ ಅದು ಅವನೊಳಗೇ ಕೂತಿತ್ತು.

ಮಾತ್ರೆಯ ದುಡ್ಡಿಗೆ ಬರಾವುವಿನ ಫೋನು ಹೋಯಿತು. ಹೊಟ್ಟೆ ತುಂಬ ತಿಂದು ನುಂಗಬೇಕೆಂದರು, ಆಸ್ಪತ್ರೆಯ ಗೇಟಿನಲ್ಲೇ ಅನ್ನ ಸಾರು ಕೊಂಡು ಮೂವರೂ ತಿಂದರು. ಕಹಿಗೆ ಕಾಂದೆಯ ಕಣ್ಣಲ್ಲಿ ನೀರು ಬಂತು, ಬರಾವು ಅವಳ ಮುಂದೆ ವೀರನಂತೆ ನುಂಗಿ ಗೋಡೆಯ ಹಿಂದೆ ಹೋಗಿ ಕೆಮ್ಮಿದ.

"ಇನ್ನು ಕಾಲುವೆಗೆ ಇಳಿದ್ರೆ ಮತ್ತೆ ಬರುತ್ತಂತೆ," ಎಂದಳು ಕಾಂದೆ.

"ನೀನು ಇಳಿಯಲ್ಲ. ಕೈಪಂಪಿನಿಂದ ನಾನು ತರ್ತೀನಿ."

"ಕೈಪಂಪು ಊರಾಚೆ. ಸಾಲು ನಿಲ್ಲಬೇಕು."

"ನಿಲ್ತೀನಿ. ಕೂಗಾಡೋಕೆ ಅಲ್ಲಿ ಜನ ಸಿಗ್ತಾರಲ್ಲ."

ಅವಳು ಹೇಳಿದಳು: "ಅಣ್ಣ, ಪೆಟ್ಟಿಗೆ ಹೋದ್ರೆ ಹೋಗ್ಲಿ. ಹೆಸರು ಹೋಗಬಾರದು. ಪೆಟ್ಟಿಗೆ ಜೊತೆ ಅದನ್ನ ಒಯ್ಯೋಕೆ ಬಿಡಬೇಡ."

ಸಂಜೆ ಅಜ್ಜಿ ಮಗನಿಗೆ ಎಲ್ಲವನ್ನೂ ಹೇಳಿದಳು. ಬಾಬಾ ಕೂಗಲಿಲ್ಲ, ತಪ್ಪಾಯಿತೆಂದೂ ಅನ್ನಲಿಲ್ಲ. "ಬೀಗರ ಎದುರಿಗೆ ಉಚ್ಚೆ ಮಾತು ಆಡೋಕಾಗುತ್ತಾ? ಪೆಟ್ಟಿಗೆ ಕೊಟ್ಟು ಕಳಿಸೋಣ," ಎಂದಷ್ಟೇ ಹೇಳಿದ. ಆದರೆ ಮತ್ತೆ ಅಗಳಿ ಹಾಕಲಿಲ್ಲ. ಕಾಂದೆಯ ಬೇರೆ ಬೋಗುಣಿಯನ್ನು ಉಮ್ಮಾ ಒಡೆದು, ತಳದ ಚೂರನ್ನು ಕೋಳಿಗೆ ನೀರಿಡಲು ಮಾಡಿಕೊಂಡಳು.

ಕೊಯ್ಲು ಮುಗಿಯಿತು. ಟೊಮೆಟೊ ಬುಟ್ಟಿಗಳು ಲಾರಿ ಹತ್ತಿ ಹೋದವು. ಶುಕ್ರವಾರ ಜುಮ್ಮಾ ಮುಗಿಸಿಕೊಂಡು ಲವಾನನ ಚಿಕ್ಕಪ್ಪ, ಮಧ್ಯಸ್ಥ, ಲಾದಿದಿ ಗೊಗ್ಗೊ ಬಂದರು. ಲವಾನ್ ಬಾಗಿಲ ಹೊರಗೇ ಬೇವಿನ ಮರಕ್ಕೆ ಒರಗಿ ನಿಂತ. ಹೊಲಿಗೆ ಕಸುಬಿನವನು, ಅಳತೆಪಟ್ಟಿ ಇನ್ನೂ ಕೊರಳಲ್ಲೇ ಇತ್ತು. ಪೆಟ್ಟಿಗೆಗಳನ್ನು ಅಂಗಳಕ್ಕೆ ತಂದಿಟ್ಟಿದ್ದರು. ಲಾದಿದಿ ಯಾರನ್ನೂ ಛೇಡಿಸಲಿಲ್ಲ, ಯಾರ ಮುಖವನ್ನೂ ನೋಡಲಿಲ್ಲ.

ಚಿಕ್ಕಪ್ಪ ಗಂಟಲು ಸರಿಮಾಡಿಕೊಂಡು "ಅಲ್ಲಾಹ್ ಬರೆದದ್ದು..." ಎಂದು ಶುರುಮಾಡಿದ.

"ಏನೇ ನನ್ನ ತೊತ್ತೇ," ಎಂದ ಬರಾವು, ಗೋಡೆಯ ಬಳಿಯಿಂದ, ಲಾದಿದಿಗೆ. "ಇವತ್ತು ಒಡೆಯನಿಗೆ ಸಲಾಮು ಇಲ್ವಾ?"

ಗೇಲಿ ಎದ್ದ ಮೇಲೆ ಉತ್ತರ ಕೊಡದೆ ಬಿಡುವಂತಿಲ್ಲ. ಲಾದಿದಿ ನಿಧಾನವಾಗಿ, "ದನದ ಕೊಟ್ಟಿಗೆಗೆ ಯಾರು ಸಲಾಮು ಮಾಡ್ತಾರೆ?" ಎಂದಳು.

"ಪೆಟ್ಟಿಗೆ ಒಯ್ಯಿ. ಕನೂರಿಯವರು ಕೊಟ್ಟಿದ್ದನ್ನ ವಾಪಸ್ ಇಸ್ಕೊಳ್ಳೋದ್ರಲ್ಲಿ ಹುಷಾರು, ಲೋಕಕ್ಕೇ ಗೊತ್ತು. ಆದ್ರೆ ಮೊದಲು ಇವನದೊಂದು ಲೆಕ್ಕ ಇದೆ. ಲವಾನ್! ಒಳಗೆ ಬಾರೋ. ಸೇತುವೆ ಮೇಲೆ ನಾನೂ ನೀನೂ ಪಂದ್ಯ ಕಟ್ತಿದ್ವಲ್ಲ, ಯಾರದ್ದು ಹೆಚ್ಚು ಕೆಂಪು ಅಂತ. ಯಾರು ಗೆಲ್ತಿದ್ದಿದ್ದು?"

ಲವಾನ್ ಬಾಗಿಲಲ್ಲಿ ನಿಂತು ಕಿವಿ ಕೆಂಪು ಮಾಡಿಕೊಂಡ. "ನಾನೇ."

ಮಧ್ಯಸ್ಥನಿಗೆ ನಗು ತಡೆಯಲಾಗಲಿಲ್ಲ. ಚಿಕ್ಕಪ್ಪನೂ ಗಡ್ಡದೊಳಗೆ ನಕ್ಕ.

"ನೋಡಿ, ಶೂರರ ವಂಶ! ಎಷ್ಟು ಕಾಲ ಬಂತೋ?"

"ಎರಡು ವರ್ಷ. ಜಾಸ್ತೀನೇ."

"ಅವತ್ತು ನಿಮ್ಮಪ್ಪ ನಿನ್ನನ್ನ ಎದುರಿಗೆ ನಿಲ್ಲಿಸ್ಕೊಂಡು ಕೇಳಿದ್ನಾ, ಯಾರ ಜೊತೆ ಮಲಗಿದ್ದೆ ಅಂತ?"

ನಗು ಅಲ್ಲೇ ಸತ್ತಿತು. ಚಿಕ್ಕಪ್ಪ ಎದ್ದು ನಿಂತ, ಕುತ್ತಿಗೆಯ ನರ ಉಬ್ಬಿತ್ತು.

"ಕೂತ್ಕೋ ಗುಲಾಮಾ," ಎಂದ ಬರಾವು, ಮುಖದಲ್ಲಿ ನಗು ಹಾಗೇ ಇಟ್ಟುಕೊಂಡು. "ಕೋಪ ಮಾಡ್ಕೊಂಡೋನು ಸೋತ. ನನ್ನ ಅಜ್ಜನ ಅಜ್ಜನಿಂದ ಬಂದ ಹಕ್ಕು ಇದು, ಇವತ್ತು ಪೂರ್ತಿ ಖರ್ಚು ಮಾಡ್ತೀನಿ. ನಾನೂ ಇವನೂ ಸೇತುವೆ ಮೇಲಿಂದ ಹುಯ್ದ್ವಿ. ಕೆಳಗೆ ಬಸವನಹುಳು ಅದನ್ನ ಸಾಕ್ತು. ನೀರಲ್ಲಿ ನಿಂತು ಕೊಡ ತುಂಬಿದ ನನ್ನ ತಂಗಿ ಕಾಲಿಗೆ ಅದು ಹತ್ತಿಕೊಳ್ತು. ಮಧ್ಯಾಹ್ನದ ಹೊತ್ತು ಶೀಶೇಲಿ ಉಚ್ಚೆ ಹಿಡಿದುಕೊಟ್ಟು ಆಸ್ಪತ್ರೇಲಿ ಕಣ್ಣಾರೆ ನೋಡಿದ್ದೀನಿ, ನನ್ನದೂ ಅವಳದೂ ಒಂದೇ ಮೊಟ್ಟೆ, ಒಂದೇ ಮುಳ್ಳು. ನಿಮ್ಮ ಲವಾನಂದು ನೋಡಿದ್ರೆ ಅದೂ ಅ‍ಷ್ಟೇ. ನಮಗೆ ಟೋಪಿ, ಅವಳಿಗೆ ಕೆಟ್ಟ ಹೆಸರು! ಒಯ್ಯೋದಾದ್ರೆ ಪೆಟ್ಟಿಗೆ ಜೊತೆ ಆ ಹೆಸರನ್ನೂ ಹೊತ್ಕೊಂಡು ಹೋಗಿ. ಅದು ನಿಮ್ಮನೇದು. ನಮ್ಮನೇದಲ್ಲ."

ಚಿಕ್ಕಪ್ಪ ಬಾಬಾನ ಕಡೆ ತಿರುಗಿದ. "ಸಾಬೊ, ನಿನ್ನ ಮಗ ಆಡೋ ಮಾತು ಕೇಳಿದ್ಯಾ?"

ಬಾಬಾ ಚಾಪೆಯ ಒಂದು ಎಳೆಯನ್ನು ಕೀಳುತ್ತಿದ್ದ. ಕಿತ್ತು, ಪಕ್ಕಕ್ಕಿಟ್ಟು ತಲೆಯೆತ್ತಿದ.

"ಕೇಳಿದೆ. ನಿಜ ಹೇಳಿದ. ನಾನು ಹೇಳಬೇಕಾಗಿತ್ತು."

ಗೋಡೆಯ ಆಚೆಯಿಂದ ಕಾಂದೆಯ ದನಿ ಬಂತು, ಎಲ್ಲರಿಗೂ ಕೇಳುವ ಹಾಗೆ. "ಪೆಟ್ಟಿಗೆ ಇಟ್ಟು ಹೋಗೋದಾದ್ರೆ ಲವಾನ್ ಮೊದಲು ಆಸ್ಪತ್ರೆಗೆ ಹೋಗಿ ಮಾತ್ರೆ ನುಂಗಲಿ. ಅವನ ಮನೇಲೂ ಕೈಪಂಪಿನ ನೀರೇ ಬರಬೇಕು. ಇಲ್ಲ ಅಂದ್ರೆ ಪೆಟ್ಟಿಗೆ ನಾನೇ ಎತ್ತಿಕೊಡ್ತೀನಿ."

"ಕೇಳಿದ್ಯೇನೋ?" ಎಂದಳು ಅಜ್ಜಿ ಒಳಗಿಂದ. "ಮಾತ್ರೆ ಕಹಿ ಕಣಪ್ಪ. ಗಂಡಸಾದ್ರೆ ಅಳಬಾರದು."

ಲವಾನ್ ಚಿಕ್ಕಪ್ಪನ ಕಡೆ ನೋಡಲಿಲ್ಲ. ಬಂದು, ಎಲ್ಲಕ್ಕೂ ಮೇಲಿದ್ದ ಪೆಟ್ಟಿಗೆಯನ್ನು ಎತ್ತಿ ಹೆಗಲಿಗಿಟ್ಟುಕೊಂಡ. ಉಮ್ಮಾ ಒಳಗೆ ಅಯ್ಯೋ ಎಂದಳು. ಅವನು ಅದನ್ನು ಉಮ್ಮಾಳ ಕೋಣೆಯ ಬಾಗಿಲವರೆಗೆ ಹೊತ್ತು ಒಳಗಿಟ್ಟ. ಮತ್ತೊಂದಕ್ಕೆ ಬಂದ.

ಚಿಕ್ಕಪ್ಪ ಗೊಣಗುತ್ತ, "ಈ ಫುಲಾನಿಗಳ ಹತ್ರ ಹೆಣ್ಣು ಕೇಳಿದ್ದೇ ತಪ್ಪು," ಎಂದು ಮತ್ತೆ ಚಾಪೆಯ ಮೇಲೆ ಕೂತ. ಅದು ಗೇಲಿಯ ದನಿಯೇ ಆಗಿತ್ತು.

ಬಂದವರು ಫುರಾ ಕುಡಿಯುತ್ತಿದ್ದಾಗ ಬರಾವು ಹೊರಗೆ ಹೋಗಿ ಕೈಗಾಡಿಗೆ ಡಬ್ಬ ಜೋಡಿಸತೊಡಗಿದ. ಹಿಂದೆ ಯಾರೋ ಬಂದು ನಿಂತ ಹಾಗಾಯಿತು. ಲಾದಿದಿ ಗೊಗ್ಗೊ. ಸೆರಗನ್ನು ಗಲ್ಲದ ಕೆಳಗೆ ಬಿಗಿಯಾಗಿ ಹಿಡಿದುಕೊಂಡಿದ್ದಳು. ಇನ್ನೊಂದು ಸುತ್ತಿನ ಬೈಗುಳಕ್ಕೆ ಅವನು ಸಿದ್ಧನಾದ.

ಅವಳು ಕೈಗಾಡಿಯ ಚಕ್ರ ನೋಡುತ್ತ, ಯಾರಿಗೂ ಕೇಳದ ದನಿಯಲ್ಲಿ ಕೇಳಿದಳು:

"ಆ ಶೀಶೆ... ಮಧ್ಯಾಹ್ನಾನೇ ಹಿಡೀಬೇಕಾ?"

ಬರಾವುವಿನ ನಾಲಿಗೆಯ ಮೇಲೆ ಗೇಲಿ ಬಂದು ಕೂತಿತ್ತು. ಹುಟ್ಟಿದಾಗಿನಿಂದ ಈ ಹೆಂಗಸಿಗೆ ತಿರುಗುಮಾತು ಹೇಳದೆ ಬಿಟ್ಟವನಲ್ಲ. ಎರಡು ಮನೆಯಿಂದ ಬಿಡಿಸಿಕೊಂಡು ಬಂದ, ಕಾಲುವೆ ದಂಡೆಯಲ್ಲೇ ತಲೆ ನರೆತ ಆ ಮುಖವನ್ನು ನೋಡಿದ. ಬಂದ ಮಾತನ್ನು ನುಂಗಿದ. ಮಾತ್ರೆಗಿಂತ ಸುಲಭವಾಗಿ ಇಳಿಯಿತು.

"ಹೌದು ಗೊಗ್ಗೊ. ಮಧ್ಯಾಹ್ನ."

"ವಯಸ್ಸಾದೋರಿಗೂ ಕೊಡ್ತಾರಾ?"

"ಕೋಲಿಗೆ ನಿಲ್ಲಿಸಿ ಎತ್ತರ ನೋಡ್ತಾರೆ. ವಯಸ್ಸು ಕೇಳಲ್ಲ. ನಾಳೆ ಬೈಕು ತರ್ತೀನಿ, ತಯಾರಾಗಿರು."

ಅವಳು ತಲೆಯಾಡಿಸಿದಳು. ಆಮೇಲೆ ಕಣ್ಣೊರೆಸಿಕೊಂಡು, ಗಾಡಿಯ ಹಿಡಿಗೆ ತಾನೂ ಒಂದು ಕೈ ಹಾಕಿದಳು.

"ನಡಿ ಗುಲಾಮಾ, ತಳ್ಳು. ಪಂಪಿನ ಹತ್ರ ನಿನ್ನನ್ನ ನೋಡಿ ನಗೋರಿಗೆ ಉತ್ತರ ಕೊಡೋಕೆ ಒಬ್ಬಳು ಬೇಕಲ್ಲ."